ಗುಡಿಸುವ ಕೆಲಸಕ್ಕೆ ಉದ್ಘಾಟನೆಯಿಲ್ಲ

ದೇರೆಬೈಲ್ ಎಂಬ ಹೆಸರಿನಲ್ಲಿಯೇ ಒಂದು ಬೈಲು ಇದೆ. ದಕ್ಷಿಣ ಕನ್ನಡದ ಹಳಬರಿಗೆ ಬೈಲು ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಗದ್ದೆಗಳು ಮೂರು ಬಗೆ. ಮಳೆಯನ್ನೇ ನಂಬಿ ಒಂದು ಬೆಳೆ ಕೊಡುವ ಎತ್ತರದ ಬೆಟ್ಟುಗದ್ದೆ, ಅದಕ್ಕಿಂತ ಕೆಳಗೆ ಎರಡು ಬೆಳೆಯ ಮಜಲು, ಗುಡ್ಡಗಳ ನಡುವಿನ ತಗ್ಗಿನಲ್ಲಿ ನೀರಿನ ಪಸೆ ಆರದ, ಅನುಕೂಲವಿದ್ದರೆ ಮೂರನೆಯ ಬೆಳೆಯನ್ನೂ ಕೊಡುವ ಬೈಲು. ಈ ಬೈಲು ತನ್ನಷ್ಟಕ್ಕೆ ಬೈಲಾಗಿ ಉಳಿಯುತ್ತಿರಲಿಲ್ಲ. ಮಳೆಗಾಲಕ್ಕೆ ಮೊದಲು ತೋಡಿನ ಹೂಳು ತೆಗೆಯಬೇಕು, ಹುಣಿ ಸರಿಮಾಡಬೇಕು. ಮಳೆ ಕಳೆದ ಮೇಲೆ ತೋಡಿಗೆ ಅಡ್ಡವಾಗಿ ಕಲ್ಲು, ಮಣ್ಣು, ಸೊಪ್ಪು ಹಾಕಿ ಕಟ್ಟ ಕಟ್ಟಬೇಕು. ಮುಂದಿನ ಮಳೆಗೆ ಅದು ಕೊಚ್ಚಿಹೋಗುತ್ತದೆ, ಮತ್ತೆ ಕಟ್ಟಬೇಕು. ವರ್ಷ ವರ್ಷವೂ ಅದೇ ಕೆಲಸವನ್ನು ಮಾಡುವುದು ದಂಡವೆಂದು ಯಾರೂ ತಿಳಿದಂತಿಲ್ಲ. ಕಟ್ಟ ಕಟ್ಟಿದವರ ಹೆಸರನ್ನು ಯಾರೂ ಶಿಲಾಫಲಕದಲ್ಲಿ ಕೆತ್ತಿಸಿದಂತೆಯೂ ಇಲ್ಲ.

ಈಗ ದೇರೆಬೈಲಿನಲ್ಲಿ ಬೈಲನ್ನು ಹುಡುಕಬೇಕು. ಕೊಂಚಾಡಿ, ಪದವಿನಂಗಡಿ, ಕುಂಟಿಕಾನ, ಯೆಯ್ಯಾಡಿ ಯಾವ ಕಡೆ ತಿರುಗಿದರೂ ಮನೆ, ಮನೆಯ ಹಿಂದೆ ಮನೆ, ಅದರ ಹಿಂದೆ ಹತ್ತು ಮಾಳಿಗೆಯ ಫ್ಲ್ಯಾಟು. ಊರು ಬೆಳೆಯಬಾರದು ಎನ್ನುವವಳು ನಾನಲ್ಲ. ನಾನೂ ಹೊರಗಿನಿಂದ ಬಂದು ಇಲ್ಲಿ ಹತ್ತು ಸೆಂಟ್ಸ್ ಜಾಗ ಕೊಂಡು ಮನೆ ಕಟ್ಟಿಸಿದವಳೇ. ನನ್ನ ತಕರಾರು ಬೆಳೆದ ರೀತಿಯ ಬಗ್ಗೆ. 1974ರ ಭೂಸುಧಾರಣೆಯಿಂದ ಗೇಣಿದಾರರಿಗೆ ಭೂಮಿ ಸಿಕ್ಕಿತು. ಅದು ನ್ಯಾಯವಾದ ಕೆಲಸ. ಆಮೇಲೆ ಮಕ್ಕಳಿಗೆ ಪಾಲಾಯಿತು, ಪಾಲಾದದ್ದು ಸೆಂಟ್ಸ್ ಲೆಕ್ಕದಲ್ಲಿ ಮಾರಾಟವಾಯಿತು. ಒಂದೊಂದು ತುಂಡಿಗೂ ಬೇರೆ ಬೇರೆಯಾಗಿ ಭೂಪರಿವರ್ತನೆ, ಬೇರೆ ಬೇರೆಯಾಗಿ ನಕ್ಷೆ. ನಗರಾಭಿವೃದ್ಧಿ ಪ್ರಾಧಿಕಾರಗಳ 1987ರ ಕಾಯಿದೆಯ ಪ್ರಕಾರ ಪ್ರಾಧಿಕಾರವು ಒಂದು ಬಡಾವಣೆ ಮಾಡುವಾಗ ಶೇಕಡಾ 15ಕ್ಕೆ ಕಡಿಮೆಯಿಲ್ಲದಷ್ಟು ಜಾಗವನ್ನು ಉದ್ಯಾನಕ್ಕೂ ಆಟದ ಬಯಲಿಗೂ ಬಿಡಬೇಕು, ನಾಗರಿಕ ಸೌಕರ್ಯಗಳಿಗೆ ಇನ್ನೂ ಶೇಕಡಾ 10 ಬಿಡಬೇಕು. ಆದರೆ ಹತ್ತು ಸೆಂಟ್ಸಿನಲ್ಲಿ ಯಾರು ಪಾರ್ಕು ಬಿಡುತ್ತಾರೆ? ಬಡಾವಣೆಯೇ ಆಗದ ಕಡೆ ಬಡಾವಣೆಯ ನಿಯಮ ಇದ್ದೂ ಇಲ್ಲದಂತೆ. ಲ್ಯಾಂಡ್‌ಲಿಂಕ್ಸಿನಂಥ ಯೋಜಿತ ವಸತಿಗಳನ್ನು ಬಿಟ್ಟರೆ ಮಂಗಳೂರಿನ ಎಷ್ಟೋ ಭಾಗ ಬೆಳೆದದ್ದು ಹೀಗೆ, ತುಂಡಿಗೆ ತುಂಡು ಸೇರಿ. ಆದ್ದರಿಂದಲೇ ಇಲ್ಲಿ ಓಣಿಗಳು ಮನೆಯ ಗೇಟಿನಲ್ಲಿ ಹೋಗಿ ಮುಗಿಯುತ್ತವೆ, ಮಕ್ಕಳು ರಸ್ತೆಯಲ್ಲಿ ಕ್ರಿಕೆಟ್ ಆಡುತ್ತಾರೆ, ತೋಡುಗಳು ಕಂಪೌಂಡುಗಳ ನಡುವೆ ಸಿಕ್ಕಿ ಚರಂಡಿಗಳಾಗಿವೆ. 2018ರ ಮೇ 29ರಂದು ಒಂದೇ ದಿನದ ಮಳೆಗೆ ಕೊಟ್ಟಾರ ಚೌಕಿಯಲ್ಲಿ ನೀರು ಏರಿದಾಗ ನಾವೆಲ್ಲ ಮಳೆಯನ್ನು ಬೈದೆವು. ಮಳೆ ಹಿಂದೆಯೂ ಹಾಗೆಯೇ ಬರುತ್ತಿತ್ತು. ಅದು ಇಳಿದು ಇಂಗುತ್ತಿದ್ದ ಬೈಲುಗಳು ಇರಲಿಲ್ಲ, ಅಷ್ಟೆ.

ಇಂಥ ಕಡೆ ಒಂದು ಚಿಕ್ಕ ಪಾರ್ಕು ಆಗುತ್ತದೆಂದು ಗೊತ್ತಾದಾಗ ನಮ್ಮ ಓಣಿಯ ಹೆಂಗಸರಿಗಾದ ಸಂತೋಷವನ್ನು ನೀವು ಊಹಿಸಬಹುದು. ಹೆಚ್ಚೆಂದರೆ ಅರ್ಧ ಎಕರೆ ಇದ್ದೀತು. ಸುತ್ತಲೂ ಕಬ್ಬಿಣದ ಬೇಲಿ, ನಡೆಯಲಿಕ್ಕೆ ಇಂಟರ್‌ಲಾಕ್ ಹಾಕಿದ ದಾರಿ, ನಡುವೆ ಹುಲ್ಲುಹಾಸು, ಒಂದು ಕಾರಂಜಿ, ಎರಡು ಜೋಕಾಲಿ, ಒಂದು ಜಾರುಬಂಡಿ, ವ್ಯಾಯಾಮಕ್ಕೆಂದು ಐದಾರು ಯಂತ್ರ. ಉದ್ಘಾಟನೆಯ ದಿನ ಶಾಮಿಯಾನ ಹಾಕಿದ್ದರು, ಲಡ್ಡು ಹಂಚಿದರು. ಕಪ್ಪು ಕಲ್ಲಿನ ಫಲಕದಲ್ಲಿ ಹನ್ನೆರಡು ಹೆಸರುಗಳಿದ್ದವು. ಅವುಗಳಲ್ಲಿ ಒಂದೂ ತೋಟದ ಕೆಲಸದವನದ್ದಲ್ಲ.

ಮೂರು ಮಳೆಗಾಲ ಕಳೆಯಿತು. ಘಟ್ಟದ ಕೆಳಗಿನ ಮಳೆ ಎಂದರೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು, ಅದರಲ್ಲಿ ಬಹುಪಾಲು ನಾಲ್ಕು ತಿಂಗಳಲ್ಲಿ. ಇಂಟರ್‌ಲಾಕಿನ ಮೇಲೆ ಪಾಚಿ ಕಟ್ಟಿತು. ಕಡಲಿನಿಂದ ಬರುವ ಉಪ್ಪುಗಾಳಿಗೆ ವ್ಯಾಯಾಮದ ಯಂತ್ರಗಳು ತುಕ್ಕು ಹಿಡಿದವು. ಜೋಕಾಲಿಯ ಒಂದು ಸರಪಳಿ ಕಡಿಯಿತು. ಹುಲ್ಲುಹಾಸು ಬೇಸಿಗೆಯಲ್ಲಿ ಸತ್ತು, ಮಳೆಗಾಲದಲ್ಲಿ ಅದರ ಜಾಗದಲ್ಲಿ ಮೊಣಕಾಲೆತ್ತರದ ಕಳೆ ಬಂತು. ಕಾರಂಜಿಯ ಮೋಟಾರು ಹಾಳಾದ ಮೇಲೆ ಆ ತೊಟ್ಟಿಯಲ್ಲಿ ಮಳೆನೀರು ನಿಂತು ಸೊಳ್ಳೆಗಳ ತವರುಮನೆಯಾಯಿತು. 1990ರ ದಶಕದಿಂದ ಮಲೇರಿಯಾಕ್ಕೆ ಹೆಸರು ಕೆಡಿಸಿಕೊಂಡ ಊರಿನಲ್ಲಿ ನಿಂತ ನೀರಿನ ತೊಟ್ಟಿಯೊಂದನ್ನು ಸರಕಾರಿ ಹಣದಲ್ಲಿ ಕಟ್ಟಿಸಿದ ಹಾಗಾಯಿತು. ಈ ಪಾರ್ಕಿನ ನಕ್ಷೆಯನ್ನು ನೋಡಿದರೆ ಯಾವುದೋ ಬಯಲುಸೀಮೆಯ ಊರಿಗೆ ಮಾಡಿದ್ದನ್ನು ಹಾಗೆಯೇ ಇಲ್ಲಿಗೆ ತಂದು ಇಳಿಸಿದಂತೆ ಕಾಣುತ್ತದೆ. ರೆಂಜೆ, ಸುರಗಿ, ಹೊನ್ನೆ, ನೇರಳೆ ಇವೆಲ್ಲ ನಮ್ಮ ನೆಲದಲ್ಲಿ ತಾವಾಗಿ ನಿಲ್ಲುವ ಮರಗಳು. ಮಳೆ ಬರಲಿ, ಬಿಸಿಲು ಬರಲಿ, ಅವಕ್ಕೆ ನಮ್ಮ ಹಂಗಿಲ್ಲ. ಅವುಗಳಲ್ಲಿ ಒಂದೇ ಒಂದನ್ನು ಅಲ್ಲಿ ನೆಟ್ಟಿರಲಿಲ್ಲ.

ಜುಲೈ ತಿಂಗಳ ಒಂದು ಬೆಳಿಗ್ಗೆ ನಮ್ಮ ಓಣಿಯ ಹಿರಿಯ ಬಾಯಮ್ಮ ಒಬ್ಬರು ಆ ಪಾಚಿಯ ಮೇಲೆ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಎಪ್ಪತ್ತು ದಾಟಿದ ವಿಧವೆ. ಮಗ, ಸೊಸೆ ಕೊಲ್ಲಿಯಲ್ಲಿ. ಸಕ್ಕರೆ ಕಾಯಿಲೆಗೆ ನಡೆಯಬೇಕೆಂದು ವೈದ್ಯರು ಹೇಳಿದ್ದರಿಂದ ಪಾರ್ಕಿಗೆ ಹೋಗುತ್ತಿದ್ದರು. ನೋಡಲಿಕ್ಕೆಂದು ನಾನು ಆಸ್ಪತ್ರೆಗೆ ಹೋದಾಗ ಮೆಲ್ಲನೆ ನನ್ನ ಕೈ ಹಿಡಿದು, "ಟೀಚರೇ, ಮಗ ಫೋನು ಮಾಡಿದರೆ ಪಾರ್ಕಿನಲ್ಲಿ ಬಿದ್ದದ್ದು ಅಂತ ಹೇಳಬೇಡಿ. ಬಾತ್‌ರೂಮಿನಲ್ಲಿ ಬಿದ್ದೆ ಅಂತ ಹೇಳಿದ್ದೇನೆ" ಎಂದರು. ಯಾಕೆಂದು ಕೇಳಿದೆ. "ಈ ಪ್ರಾಯದಲ್ಲಿ ಮಳೆಗೆ ಪಾರ್ಕಿಗೆ ಯಾಕೆ ಹೋದದ್ದು ಅಂತ ಕೇಳ್ತಾನೆ. ಇನ್ನು ಹೊರಗೆ ಕಾಲಿಡ್ಲಿಕ್ಕೆ ಬಿಡುವುದಿಲ್ಲ."

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಪಾಚಿ ತೆಗೆಯದವರು ಯಾರೋ, ಸುಳ್ಳು ಹೇಳಬೇಕಾದವರು ಯಾರೋ! ರಸ್ತೆಯ ಹೊಂಡಕ್ಕೆ ಬಿದ್ದ ಗಂಡಸನ್ನು ಯಾರೂ "ರಸ್ತೆಗೆ ಯಾಕೆ ಹೋದದ್ದು" ಎಂದು ಕೇಳುವುದಿಲ್ಲ. ಅವನಿಗೆ ಕೆಲಸವಿತ್ತು. ಪಾರ್ಕಿಗೆ ಹೋದ ಹೆಂಗಸಿಗೆ ಮಾತ್ರ ಉತ್ತರ ಹೇಳುವ ಹೊಣೆ ಇದೆ.

ನಾವು ಐದು ಮಂದಿ ಹೆಂಗಸರು ಒಂದು ಅರ್ಜಿ ಬರೆದುಕೊಂಡು ಅದಕ್ಕೆ ಸಂಬಂಧಪಟ್ಟ ಕಚೇರಿಗೆ ಹೋದೆವು. ಮೊದಲನೆಯ ಮೇಜಿನಲ್ಲಿ "ಇದು ನಮಗೆ ಬರುವುದಿಲ್ಲ" ಎಂದರು. ಎರಡನೆಯ ಮೇಜಿನಲ್ಲಿದ್ದವರು ಒಳ್ಳೆಯವರು, ಕುರ್ಚಿ ಕೊಟ್ಟು ಕೂರಿಸಿ ಪೂರ್ತಿ ಕೇಳಿದರು. ಕೇಳಿ, "ಇಂಟರ್‌ಲಾಕ್ ತೆಗೆದು ಬೇರೆ ಟೈಲ್ಸ್ ಹಾಕುವುದಾದರೆ ಎಸ್ಟಿಮೇಟ್ ಮಾಡಿಸಬಹುದು ಮೇಡಂ" ಎಂದರು. ನಮಗೆ ಹೊಸ ಟೈಲ್ಸ್ ಬೇಡ, ಮಳೆಗಾಲದಲ್ಲಿ ವಾರಕ್ಕೆರಡು ಸಲ ಬ್ಲೀಚಿಂಗ್ ಪುಡಿ ಹಾಕಿ ಹಿಡಿಸೂಡಿಯಲ್ಲಿ ತಿಕ್ಕಿಸಿದರೆ ಸಾಕು ಎಂದೆವು. ಅವರು ಸಂಕೋಚದಿಂದ ನಕ್ಕರು. "ಹೊಸತು ಹಾಕಲಿಕ್ಕೆ ಎಲ್ಲಿಂದಾದರೂ ಅನುದಾನ ತರಬಹುದು. ಗುಡಿಸಲಿಕ್ಕೆ ಎಲ್ಲಿಂದ ತರುವುದು?"

ಆ ಮನುಷ್ಯ ಸುಳ್ಳು ಹೇಳಲಿಲ್ಲ. ನಮ್ಮ ನಗರಗಳ ಕತೆಯನ್ನೇ ಒಂದು ಸಾಲಿನಲ್ಲಿ ಹೇಳಿಬಿಟ್ಟರು. ಕಾಮಗಾರಿಗೆ ಹಣವಿದೆ, ನಿರ್ವಹಣೆಗಿಲ್ಲ. ಕಾಮಗಾರಿಗೆ ಟೆಂಡರು ಇದೆ, ಗುತ್ತಿಗೆದಾರರಿದ್ದಾರೆ, ಪತ್ರಿಕೆಯಲ್ಲಿ ಬರುವ ಫೋಟೋ ಇದೆ. ನಿರ್ವಹಣೆಗೆ ಒಬ್ಬ ಮನುಷ್ಯ, ಒಂದು ಹಿಡಿಸೂಡಿ, ಒಂದು ಕತ್ತಿ ಬೇಕು. ತಿಂಗಳು ತಿಂಗಳು ಸಂಬಳ ಬೇಕು. ಇದರಲ್ಲಿ ರಿಬ್ಬನ್ ಕತ್ತರಿಸುವಂಥದ್ದು ಏನೂ ಇಲ್ಲ.

ಹೆಂಗಸರಾದ ನಮಗೆ ಈ ಲೆಕ್ಕ ಹೊಸತಲ್ಲ. ಮನೆ ಕಟ್ಟಿಸಿದ ಗಂಡಸಿನ ಹೆಸರು ಗೇಟಿನ ಮೇಲೆ ಇರುತ್ತದೆ. ಗೃಹಪ್ರವೇಶಕ್ಕೆ ಇನ್ನೂರು ಜನ ಬಂದು ಹೊಗಳಿ ಹೋಗುತ್ತಾರೆ. ಮಾರನೆಯ ದಿನದಿಂದ ಮೂವತ್ತು ವರ್ಷ ಆ ಮನೆಯನ್ನು ಗುಡಿಸಿ, ಒರಸಿ, ಜೇಡರ ಬಲೆ ತೆಗೆದು, ಮಳೆಗಾಲಕ್ಕೆ ಮೊದಲು ಮಾಡಿನ ಎಲೆ ಗುಡಿಸಿಹಾಕಿಸಿ ಅದನ್ನು ಮನೆಯಾಗಿ ಉಳಿಸಿದವಳ ಕೆಲಸಕ್ಕೆ ಹೆಸರಿಲ್ಲ. ಅದು ಮಾಡಿದಾಗ ಕಾಣುವುದಿಲ್ಲ, ಬಿಟ್ಟಾಗ ಮಾತ್ರ ಕಾಣುತ್ತದೆ. ನಗರವನ್ನು ಆಳುವವರು ಪಾರ್ಕನ್ನು ಕಾಣುವ ಕಣ್ಣೂ ಇದೇ ಎಂದು ನನ್ನ ಗುಮಾನಿ. ಗುಡಿಸುವುದು ಕೆಲಸವೆಂದೇ ಅವರ ಲೆಕ್ಕಕ್ಕೆ ಬಂದಿಲ್ಲ.

ಇದಕ್ಕೆ ಎದುರಾದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಮಂಗಳೂರಿನಲ್ಲೂ ಒಂದು ಲಾಲ್‌ಬಾಗ್ ಇದೆ, ಬೆಂಗಳೂರಿನಲ್ಲೂ ಒಂದು ಲಾಲ್‌ಬಾಗ್ ಇದೆ. ನಮ್ಮ ಲಾಲ್‌ಬಾಗ್ ಎಂದರೆ ಇಂದು ಕಣ್ಣಮುಂದೆ ಬರುವುದು ಮಹಾನಗರಪಾಲಿಕೆಯ ಕಟ್ಟಡ, ಬಸ್ಸು, ಸಿಗ್ನಲ್ಲು. ತೋಟ ಇರುವುದು ಹೆಸರಿನಲ್ಲಿ ಮಾತ್ರ. ಬೆಂಗಳೂರಿನ ಲಾಲ್‌ಬಾಗ್ ಹೈದರಾಲಿ 1760ರಲ್ಲಿ ಆರಂಭಿಸಿದ ತೋಟ. ಅದು ಇಂದಿಗೂ ತೋಟವಾಗಿ ಉಳಿದದ್ದು ಹೈದರನ ಹೆಸರಿನಿಂದಲ್ಲ. ಆಳುವವರು ಬದಲಾದರೂ ನೋಡಿಕೊಳ್ಳುವವರ ಸಾಲು ಕಡಿಯಲಿಲ್ಲ. 1908ರಲ್ಲಿ ಅದರ ಉಸ್ತುವಾರಿಗೆ ಬಂದ ಜರ್ಮನಿಯ ಕೃಂಬಿಗಲ್, ಅವರ ಬಳಿಕ ಎಚ್.ಸಿ. ಜವರಾಯ, ಮುಂದೆ ಎಂ.ಎಚ್. ಮರಿಗೌಡ, ಹೀಗೆ ಗಿಡ ಬಲ್ಲವರ ಕೈಯಿಂದ ಗಿಡ ಬಲ್ಲವರ ಕೈಗೆ ಅದು ದಾಟಿತು. ಅವರ ಕೈಕೆಳಗೆ ದಿನವೂ ಮಣ್ಣು ಮುಟ್ಟುವ ಮಾಲಿಗಳಿದ್ದರು. ತೋಟಕ್ಕೆ ಬೇಕಾದದ್ದು ಇಷ್ಟೇ.

ನಮ್ಮ ಕದ್ರಿ ಪಾರ್ಕಿನ ಕತೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ನನ್ನ ತಲೆಮಾರಿನವರಿಗೆ ಕದ್ರಿ ಎಂದರೆ ಮಂಜುನಾಥನ ದೇವಸ್ಥಾನ, ಜಿಂಕೆ ಪಾರ್ಕು, ಬಾಲಮಂಗಳ ಎಕ್ಸ್‌ಪ್ರೆಸ್ ಎಂಬ ಪುಟಾಣಿ ರೈಲು. 1980ರ ದಶಕದಲ್ಲಿ ಓಡಲು ತೊಡಗಿದ ಆ ರೈಲಿನಲ್ಲಿ ಕೂರದ ಮಗು ಈ ಊರಿನಲ್ಲಿ ಇರಲಿಕ್ಕಿಲ್ಲ. ಪ್ರಾಣಿಗಳು ಪಿಲಿಕುಳಕ್ಕೆ ಹೋದವು, ಅವಕ್ಕೆ ಅದು ಒಳ್ಳೆಯದೇ. ರೈಲು ಹಳತಾಗಿ ನಿಂತಿತು. ನಿಂತದ್ದರ ಬದಲಿಗೆ ಹೊಸದನ್ನು ತರಿಸುವ ತನಕ ವರ್ಷಗಳೇ ಸಂದವು. ಆಮೇಲೆ 2018ರ ಜನವರಿಯಲ್ಲಿ ಸಂಗೀತ ಕಾರಂಜಿಯ ಉದ್ಘಾಟನೆಯಾಯಿತು. ಪಾರ್ಕು ತೋಟಗಾರಿಕೆ ಇಲಾಖೆಯದು, ಕಾರಂಜಿಗೆ ಹಣ ಹಾಕಿದ್ದು ನಗರಾಭಿವೃದ್ಧಿ ಪ್ರಾಧಿಕಾರ, ಪಕ್ಕದ ರಸ್ತೆಯನ್ನು ಹೊಸತು ಮಾಡಿದ್ದು ಸ್ಮಾರ್ಟ್ ಸಿಟಿಯವರು. ಒಂದೇ ತೋಟಕ್ಕೆ ಇಷ್ಟು ಮಂದಿ ಯಜಮಾನರಿರುವಾಗ ದುರಸ್ತಿಯ ಸರದಿ ಬಂದರೆ ಒಬ್ಬರು ಇನ್ನೊಬ್ಬರ ಮುಖ ನೋಡುವುದು ಸಹಜ. ಪ್ರತಿವರ್ಷ ಗಣರಾಜ್ಯೋತ್ಸವದ ಹೊತ್ತಿಗೆ ಅಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ನಾನೂ ಹೋಗುತ್ತೇನೆ, ಹೂಗಳನ್ನು ನೋಡಿ ಸಂತೋಷಪಡುತ್ತೇನೆ. ಆದರೆ ಆ ಕೆಲವೇ ದಿನಗಳಿಗೆ ಸುರಿಯುವ ಶ್ರದ್ಧೆಯಲ್ಲಿ ನಾಲ್ಕಾಣೆಯನ್ನು ಉಳಿದ ದಿನಗಳಿಗೆ ಹಂಚಿದ್ದರೆ ಎಂದು ಅನ್ನಿಸದೆ ಇರುವುದಿಲ್ಲ.

ಸರಕಾರದ ಕೈಯಲ್ಲಿ ಆಗದಿದ್ದರೆ ಜನರೇ ಮಾಡಬಹುದಲ್ಲ ಎನ್ನುವವರಿದ್ದಾರೆ. ಮಾಡಿದ್ದಾರೆ ಕೂಡ. ಮಂಗಳೂರಿನ ರಾಮಕೃಷ್ಣ ಮಿಷನ್ 2015ರಿಂದ ಹಲವು ವರ್ಷ ನಡೆಸಿದ ಸ್ವಚ್ಛ ಮಂಗಳೂರು ಅಭಿಯಾನದಲ್ಲಿ ಭಾನುವಾರ ಭಾನುವಾರ ನೂರಾರು ಮಂದಿ ಹಿಡಿಸೂಡಿ ಹಿಡಿದರು. ಓದಿದ ಗಂಡಸರು ಬೀದಿಯಲ್ಲಿ ಕಸ ಹೆಕ್ಕಿದ್ದೇ ನಮ್ಮ ಊರಿನ ಮಟ್ಟಿಗೆ ದೊಡ್ಡ ಸಂಗತಿ. ಆ ಶ್ರಮಕ್ಕೆ ನನ್ನ ಗೌರವವಿದೆ. ಆದರೆ ಸೋಮವಾರ ಗುಡಿಸುವವರು ಯಾರು? ಪೌರಕಾರ್ಮಿಕರು. ಅವರ ಸಂಖ್ಯೆ ಸಾಕಷ್ಟಿದೆಯೇ, ಸಂಬಳ ಹೊತ್ತಿಗೆ ಸರಿಯಾಗಿ ಬರುತ್ತದೆಯೇ ಎಂದು ಕೇಳದೆ ಭಾನುವಾರದ ಸೇವೆಯೊಂದರಿಂದಲೇ ಊರು ಚೊಕ್ಕಟವಾಗುತ್ತದೆಂದು ನಂಬುವುದು ಹಬ್ಬದ ದಿನ ಮಾತ್ರ ಅಡುಗೆ ಮಾಡುವ ಗಂಡನನ್ನು ಮನೆ ನಡೆಸುವವನೆಂದು ತಿಳಿದ ಹಾಗೆ. ಇನ್ನು ಕೆಲವು ಕಡೆ ವೃತ್ತಗಳನ್ನೂ ಪಾರ್ಕುಗಳನ್ನೂ ಅಂಗಡಿ, ಬ್ಯಾಂಕುಗಳಿಗೆ ದತ್ತು ಕೊಡುತ್ತಾರೆ. ದತ್ತು ತೆಗೆದುಕೊಂಡವರ ಬೋರ್ಡು ಅಲ್ಲಿಯ ಗಿಡಗಳಿಗಿಂತ ಎತ್ತರ ಬೆಳೆಯುತ್ತದೆ.

ಪಾರ್ಕು ಚೆನ್ನಾಗಿದ್ದರೂ ಅದು ಯಾರಿಗೆ ಎಂಬ ಪ್ರಶ್ನೆ ಉಳಿಯುತ್ತದೆ. ನಮ್ಮ ಕಡೆಯ ಪಾರ್ಕಿನ ಗೇಟು ಬೆಳಿಗ್ಗೆ ಹತ್ತಕ್ಕೆ ಮುಚ್ಚಿ ಸಂಜೆ ನಾಲ್ಕಕ್ಕೆ ತೆರೆಯುತ್ತದೆ. ಯಾಕೆಂದು ವಿಚಾರಿಸಿದರೆ, ಆ ಹೊತ್ತಿನಲ್ಲಿ ಯಾರೂ ಬರುವುದಿಲ್ಲ ಎಂಬ ಉತ್ತರ. ನೀವೇ ಹೇಳಿ, ಮನೆಯಲ್ಲಿರುವ ಹೆಂಗಸಿಗೆ ಒಂದರ್ಧ ಗಂಟೆ ಬಿಡುವು ಸಿಗುವುದು ಯಾವಾಗ? ಬೆಳಿಗ್ಗೆ ಆರರಿಂದ ಒಂಬತ್ತರ ತನಕ ತಿಂಡಿ, ಬುತ್ತಿ, ಶಾಲೆಯ ಬಸ್ಸು. ಸಂಜೆ ನಾಲ್ಕರ ಮೇಲೆ ಮಕ್ಕಳು, ಕಾಫಿ, ರಾತ್ರಿಯ ಅಡುಗೆ. ಬಿಡುವಾಗುವುದು ಹನ್ನೊಂದರಿಂದ ಮೂರರ ಒಳಗೆ, ಆಗ ಗೇಟಿಗೆ ಬೀಗ. ಆ ಹೊತ್ತಿಗೆ ಮರದ ನೆರಳು ಬೇಕು, ಹುಲ್ಲುಹಾಸಿನ ಪಾರ್ಕಿನಲ್ಲಿ ಅದೂ ಇಲ್ಲ. ಪಾಯಿಖಾನೆಯಂತೂ ನಕ್ಷೆಯಲ್ಲೇ ಇರಲಿಲ್ಲ. ಕತ್ತಲಾದ ಮೇಲೆ ದೀಪ ಉರಿಯದ ಮೂಲೆಗಳಲ್ಲಿ ಹುಡುಗರ ಗುಂಪು ಕೂರುತ್ತದೆ, ಮತ್ತೆ ನಾವು ಅತ್ತ ಹೋಗುವುದಿಲ್ಲ. ಬಾವುಟಗುಡ್ಡೆಯ ಟಾಗೋರ್ ಪಾರ್ಕಿನಲ್ಲಿ ಗೆಳತಿಯರೊಂದಿಗೆ ಕೂತು ಹರಟೆ ಹೊಡೆದ ಕಾಲೇಜಿನ ದಿನಗಳು ನನಗೆ ನೆನಪಿವೆ. ಇಂದಿನ ಹುಡುಗಿಗೆ ಅಷ್ಟು ನಿರಾಳವಾಗಿ ಕೂರಲು ಧೈರ್ಯ ಬೇಕು. 2009ರ ಪಬ್ ದಾಳಿಯನ್ನೂ 2012ರ ಹೋಂ ಸ್ಟೇ ದಾಳಿಯನ್ನೂ ಕಂಡ ಊರು ಇದು. ಯಾರ ಪಕ್ಕದಲ್ಲಿ ಕೂತಿದ್ದಾಳೆ ಎಂದು ಎಣಿಸುವ ಕಣ್ಣುಗಳು ಬೆಂಚುಗಳಿಗಿಂತ ಹೆಚ್ಚಿವೆ. ಇನ್ನು ನಮ್ಮ ಫ್ಲ್ಯಾಟುಗಳನ್ನು ಕಟ್ಟಲು ಉತ್ತರ ಕರ್ನಾಟಕದಿಂದ ಬಂದ ಹೆಂಗಸರ ಮಕ್ಕಳು ಜಲ್ಲಿ, ಹೊಯಿಗೆಯ ರಾಶಿಯ ಮೇಲೆ ಆಡುತ್ತವೆ. ಅವು ಜೋಕಾಲಿಯ ಹತ್ತಿರ ಬಂದರೆ ನಮ್ಮವರೇ ಕೆಲವರು ಮುಖ ಸಿಂಡರಿಸುವುದನ್ನು ಕಂಡಿದ್ದೇನೆ. ಆ ಮಕ್ಕಳಿಗಾಗಿಯೇ ಪಾರ್ಕು ಮೊದಲು ಬೇಕಾದದ್ದು. ನಮಗಾದರೂ ಮನೆಗೊಂದು ಅಂಗಳವೋ ಬಾಲ್ಕನಿಯೋ ಇದೆ.

ಕುಡಿಯುವ ನೀರಿಗೆ, ಆಸ್ಪತ್ರೆಗೆ ಹಣವಿಲ್ಲದಿರುವಾಗ ಪಾರ್ಕಿನದ್ದೇನು ದೊಡ್ಡ ಮಾತು ಎಂದು ಕೇಳಬಹುದು. ಈ ಪ್ರಶ್ನೆಯನ್ನು ದೇಶದ ಅತಿ ದೊಡ್ಡ ನ್ಯಾಯಾಲಯವೇ ಎದುರಿಸಿದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ಅಲ್ಲಿಯ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟು ಆ ನಿವಾಸಿಗಳ ಪರವಾಗಿ ತೀರ್ಪು ಕೊಟ್ಟಿತು. ಸಾರ್ವಜನಿಕ ಉದ್ಯಾನಕ್ಕೆ ಮೀಸಲಿಟ್ಟ ಜಾಗವನ್ನು ಮೇಲಿನವರು ಹೇಳಿದರೆಂದು ಇನ್ನೊಂದಕ್ಕೆ ಕೊಡಲಾಗದು, ಅದನ್ನು ಪ್ರಶ್ನಿಸುವ ಹಕ್ಕು ಅಲ್ಲಿ ವಾಸಿಸುವ ಸಾಮಾನ್ಯರಿಗೂ ಇದೆ ಎಂಬುದು ಆ ತೀರ್ಪಿನ ಸಾರ. ಉದ್ಯಾನ, ಆಟದ ಬಯಲುಗಳನ್ನು ಕಾಪಾಡಲು ಕರ್ನಾಟಕದಲ್ಲಿ 1985ರಲ್ಲೇ ಒಂದು ಕಾಯಿದೆ ಬಂದಿದೆ. ಆದರೆ ಕಾಯಿದೆ ಜಾಗವನ್ನು ಉಳಿಸಿಕೊಡಬಹುದು, ಪಾಚಿಯನ್ನು ತಿಕ್ಕಿ ಕೊಡಲಾರದು. ಕಳೆ ಬೆಳೆದು ಹಾವು ಸೇರಿಕೊಂಡ ಪಾರ್ಕನ್ನು ನೋಡಿ "ಯಾರಿಗೂ ಬೇಡವಾದ ಜಾಗ" ಎನ್ನುವುದು ಮೊದಲ ಮೆಟ್ಟಿಲು. ಅಲ್ಲಿ ವಾಹನ ನಿಲ್ಲಿಸಿದರೆ ಆದೀತು ಎನ್ನುವುದು ಎರಡನೆಯದು. ಬೆಂಗಳೂರಿನ ಆ ಜಾಗ ಉಳಿದದ್ದು ಅದು ತಮಗೆ ಬೇಕೆಂದು ಹೇಳುವ ಜನರು ಇದ್ದುದರಿಂದ.

ಹಾಗಾದರೆ ಏನು ಕೇಳಬೇಕು? ಹೊಸ ಪಾರ್ಕು ಬೇಕೆಂದು ಕೇಳುವ ಮೊದಲು ಇದ್ದ ಪಾರ್ಕಿಗೆ ಒಬ್ಬ ಕಾಯಂ ಕೆಲಸದವರನ್ನು ಕೇಳಬೇಕು. ಪಾರ್ಕಿನ ಖರ್ಚಿನ ಪಟ್ಟಿಯಲ್ಲಿ ಕಟ್ಟುವುದರ ಜೊತೆಗೆ ಹತ್ತು ವರ್ಷ ನೋಡಿಕೊಳ್ಳುವುದರ ಲೆಕ್ಕವೂ ಇರಬೇಕೆಂದು ಕೇಳಬೇಕು. ಮಳೆಯಲ್ಲಿ ಜಾರದ ದಾರಿ, ನಮ್ಮ ನೆಲದ ಮರ, ಮಧ್ಯಾಹ್ನ ತೆರೆದ ಗೇಟು, ಒಂದು ಪಾಯಿಖಾನೆ, ಉರಿಯುವ ದೀಪ. ಕಾರಂಜಿ ಬೇಡ. ಇವನ್ನು ಕೇಳಲು ಒಂದು ಜಾಗವೂ ಇದೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ಮೂರು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿಗಳು ಬೇಕೆಂದಿತು. ನಮ್ಮ ರಾಜ್ಯದ ಕಾಯಿದೆಯ ಪ್ರಕಾರ ಆ ಸಮಿತಿಗೆ ನಾಮಕರಣವಾಗುವ ಹತ್ತು ಮಂದಿಯಲ್ಲಿ ಕನಿಷ್ಠ ಮೂವರು ಹೆಂಗಸರಾಗಿರಬೇಕು. ಬಹಳ ಕಾಲ ಇದು ಕಾಗದದಲ್ಲೇ ಇತ್ತು. ಮಂಗಳೂರಿನಲ್ಲಿ ಅಂಥ ಸಮಿತಿಗಳು ರೂಪುಗೊಂಡದ್ದು 2021ರ ಸುಮಾರಿಗೆ, ಅದೂ ಕೆಲವು ನಾಗರಿಕರು ಪಟ್ಟುಹಿಡಿದು ಕೇಳಿದ ಮೇಲೆ. ಅಲ್ಲಿಗೆ ಹೋಗುವ ಹೆಂಗಸರು ಇನ್ನೊಬ್ಬರ ಚೀಟಿ ಓದಲು ಹೋಗಬಾರದು. ಮನೆ ನಡೆಸಿದ ಅನುಭವವನ್ನೇ ಹಿಡಿದುಕೊಂಡು ಹೋಗಬೇಕು. ಯಾವ ವಸ್ತು ಎಷ್ಟು ದಿನ ಬಾಳುತ್ತದೆ, ಯಾವುದನ್ನು ಯಾವಾಗ ತಿಕ್ಕಬೇಕು, ಯಾವುದಕ್ಕೆ ದುಡ್ಡು ಹಾಕಿದರೆ ದಂಡ ಎಂಬುದನ್ನು ನಮಗಿಂತ ಚೆನ್ನಾಗಿ ಬಲ್ಲ ಎಂಜಿನಿಯರರನ್ನು ನಾನು ಕಂಡಿಲ್ಲ.

ನಮ್ಮ ಕಡೆ ಇನ್ನೊಂದು ಪಾರ್ಕು ಮಂಜೂರಾಗಿದೆ ಎಂಬ ಸುದ್ದಿ ಇದೆ. ಆಮಂತ್ರಣ ಪತ್ರಿಕೆ ಬಂದರೆ ನಾನು ಹೋಗುವವಳೇ, ಲಡ್ಡು ಕೊಟ್ಟರೆ ತಿನ್ನುವವಳೇ. ಆದರೆ ಭಾಷಣಗಳೆಲ್ಲ ಮುಗಿದ ಮೇಲೆ ಎದ್ದು ನಿಂತು, ನಾಳೆ ಬೆಳಿಗ್ಗೆ ಇದನ್ನು ಗುಡಿಸಲು ಬರುವವರು ಯಾರು, ಅವರನ್ನೂ ಒಮ್ಮೆ ವೇದಿಕೆಗೆ ಕರೆಯುತ್ತೀರಾ ಎಂದು ಕೇಳಬೇಕೆಂದಿದ್ದೇನೆ. ನಿಮ್ಮ ಊರಿನ ಉದ್ಘಾಟನೆಯಲ್ಲಿ ನೀವೂ ಕೇಳಿ.